ಮೇಷ್ಟ್ರಿಗೆ ಪಾಠ ಹೇಳಿಕೊಟ್ಟವರು ಯಾರು?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರಾಗಬೇಕಂದ್ರೆ ಡಿ.ಎಡ್ ಮಾಡಿರಬೇಕು. ಹೈಸ್ಕೂಲಿಗೆ ಬಿ.ಎಡ್ ಬೇಕು. ಅಂದ್ರೆ ಪಾಠ ಮಾಡೋದು ಹೇಗೆ ಅಂತ ಕಲಿತು ಬಂದವರೇ ಅಲ್ಲಿ ಬೋರ್ಡಿನ ಮುಂದೆ ನಿಂತಿರ್ತಾರೆ. ಡಿಗ್ರಿ ಕಾಲೇಜಿಗೆ ಬನ್ನಿ. ಅಲ್ಲಿ ಬೇಕಾಗಿರೋದು ಎಂ.ಎ, ಎಂ.ಎಸ್ಸಿ, ಜೊತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲಾಂದ್ರೆ ಪಿಎಚ್.ಡಿ. ವಿಷಯ ಗೊತ್ತಿದೆ ಅನ್ನೋದಕ್ಕೆ ಇಷ್ಟೆಲ್ಲಾ ಸರ್ಟಿಫಿಕೇಟ್ ಇದೆ. ಕೊನೇ ಬೆಂಚಿನ ಹುಡುಗನಿಗೆ ಅದನ್ನ ಮುಟ್ಟಿಸೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರೋದಿಲ್ಲ. ಹಾಗಾದ್ರೆ ಕಾಲೇಜು ಮೇಷ್ಟ್ರು ಕಲಿಯೋದು ಎಲ್ಲಿ? ಯಾರ ಹತ್ರ?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ನೂರು ವರ್ಷ ದಾಟಿದ ಕಥೆ ಇದೆ. ಆ ಕಥೆ ಕೊನೆಗೆ ಮಲೆನಾಡಿಗೆ, ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರಿಗೆ ಬಂದು ಮುಟ್ಟುತ್ತೆ. ಮೊದಲು ಮೈಸೂರು, ಬೆಂಗಳೂರಿಗೆ ಹೋಗಿ ಬರೋಣ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲ. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ಸಂಸ್ಥಾನದಲ್ಲಿ ಶುರುವಾದ ಮೊದಲ ವಿಶ್ವವಿದ್ಯಾನಿಲಯ ಇದು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದರ ಎರಡು ಕಂಬಗಳು. ಪಾಠ ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡ ಪಂಡಿತರಿಗೆ ಇಂಗ್ಲಿಷ್ ಪ್ರೊಫೆಸರ್‌ಗಿದ್ದ ಸಂಬಳವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ.

ಈಗ ಸೆಂಟ್ರಲ್ ಕಾಲೇಜಿನ ಒಬ್ಬ ಫಿಸಿಕ್ಸ್ ಮೇಷ್ಟ್ರನ್ನ ನೋಡಿ. ಬೆಳ್ಳಾವೆ ವೆಂಕಟನಾರಣಪ್ಪ. ಇವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಸೇರಿ ‘ವಿಜ್ಞಾನ’ ಅಂತ ಕನ್ನಡ ಮಾಸಪತ್ರಿಕೆ ತಂದರು. ಎರಡು ವರ್ಷ ನಡೀತು, ನಿಂತು ಹೋಯ್ತು. ಎರಡೇ ವರ್ಷ ಅಂತ ಮೂಗು ಮುರಿಯಬೇಡಿ. ಫಿಸಿಕ್ಸ್, ಕೆಮಿಸ್ಟ್ರಿಗೆ ಕನ್ನಡದಲ್ಲಿ ಪದಗಳೇ ಇಲ್ಲದ ಕಾಲ ಅದು. ಒಂದು ಲೇಖನ ಬರೀಬೇಕಂದ್ರೆ ಮೊದಲು ಅದಕ್ಕೆ ಬೇಕಾದ ಪದ ಹುಟ್ಟಿಸಬೇಕು. ಅದು ಒಬ್ಬರಿಂದ ಆಗೋ ಕೆಲಸ ಅಲ್ಲ. ಸಂಸ್ಕೃತ ಬಲ್ಲವರನ್ನ ಕೇಳಬೇಕು, ಹಳಗನ್ನಡ ಬಲ್ಲವರ ಜೊತೆ ಜಗಳ ಆಡಬೇಕು, ಕೊನೆಗೆ ಒಂದು ಪದ ಒಪ್ಪಿಕೋಬೇಕು. ಹಾಗೆ ಕೂತು ಹುಡುಕುವಾಗ ಮೇಷ್ಟ್ರಿಗೆ ಇನ್ನೊಂದು ಸತ್ಯವೂ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ ಇಷ್ಟು ದಿನ ಗಡಗಡ ಹೇಳ್ತಿದ್ದ ಪಾಠದಲ್ಲಿ ತನಗೇ ಎಷ್ಟು ಅರ್ಥವಾಗಿತ್ತು, ಎಷ್ಟು ಬರೀ ಬಾಯಿಪಾಠವಾಗಿತ್ತು ಅಂತ.

ಇದೇ ವೆಂಕಟನಾರಣಪ್ಪನವರು ಮುಂದೆ 1931ರಲ್ಲಿ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನ ಸಂಪಾದಿಸಿ ಕೊಟ್ಟರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಫಿಸಿಕ್ಸ್ ಮೇಷ್ಟ್ರು ಪಂಪನ ಹಸ್ತಪ್ರತಿ ಹಿಡಿದು ಕೂತಿದ್ದಾರೆ! ಇವತ್ತಿನ ಯಾವ ಕಾಲೇಜಿನಲ್ಲಾದ್ರೂ ಇದನ್ನ ಊಹಿಸ್ಕೊಳ್ಳಿ. ‘ಸಾರ್, ಇದು ನಿಮ್ಮ ಡಿಪಾರ್ಟ್‌ಮೆಂಟ್ ಅಲ್ಲ’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ.

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನ ಕಟ್ಟಿದರು. 1919ರಲ್ಲಿ ಆ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನ ವಹಿಸಿಕೊಂಡಿತು. ಕಾಲೇಜು ಸಂಘ ಅಂದ ತಕ್ಷಣ ಆರ್ಕೆಸ್ಟ್ರಾ, ಟ್ರಡಿಷನಲ್ ಡೇ ನೆನಪಾಗಬಹುದು ನಿಮಗೆ. ಇದು ಬೇರೆ ಥರ. ಮೇಷ್ಟ್ರು ಬರೆದದ್ದನ್ನ ಇನ್ನೊಬ್ಬ ಮೇಷ್ಟ್ರು ಓದಿ ತಿದ್ದುತ್ತಾರೆ. ವಿದ್ಯಾರ್ಥಿ ಬರೆದ ಪದ್ಯ ಮೇಷ್ಟ್ರ ಲೇಖನದ ಪಕ್ಕದಲ್ಲೇ ಅಚ್ಚಾಗುತ್ತೆ. ಅರ್ಥಶಾಸ್ತ್ರದಲ್ಲಿ ಎಂ.ಎ ಮಾಡಿದ ವಿ. ಸೀತಾರಾಮಯ್ಯ ಕನ್ನಡ ಪಾಠ ಹೇಳಿದ್ದು, ಇಂಗ್ಲಿಷ್ ಪ್ರೊಫೆಸರ್ ಬಿ.ಎಂ. ಶ್ರೀಕಂಠಯ್ಯ ಹೊಸಗನ್ನಡ ಕವಿತೆಗೆ ದಾರಿ ಮಾಡಿದ್ದು, ಎಲ್ಲಾ ಇದೇ ಗಾಳಿಯಲ್ಲಿ. ಬಿ.ಎಂ.ಶ್ರೀ ಅವರಂತೂ 1911ರಷ್ಟು ಹಿಂದೆಯೇ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ, ಕನ್ನಡ ತಲೆಯೆತ್ತಿ ನಿಲ್ಲಬೇಕಾದರೆ ಏನು ಮಾಡಬೇಕು ಅಂತ ಭಾಷಣ ಮಾಡಿ ಬಂದಿದ್ದರು. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯ, ಮೈಸೂರು ಬೇರೆ ರಾಜ್ಯ.

ಗಮನಿಸಿ, ಈ ಕೆಲಸಕ್ಕೆ ಯಾರೂ ಪ್ರಮೋಷನ್ ಕೊಡಲಿಲ್ಲ. ಯಾವ ಫಾರ್ಮಿನಲ್ಲೂ ಇದನ್ನ ತುಂಬಿಸೋಕೆ ಕಾಲಂ ಇರಲಿಲ್ಲ.

ಹಾಗಂತ ಇದನ್ನ ಸುವರ್ಣಯುಗ ಅಂತ ಹೊಗಳಿ ಹಾರ ಹಾಕೋದೂ ಬೇಡ. ಆ ವಲಯದಲ್ಲಿ ಇದ್ದವರು ಬಹುಪಾಲು ಎರಡು ಊರಿನವರು, ಬಹುಪಾಲು ಒಂದೇ ಜಾತಿಯವರು, ಹೆಂಗಸರು ಇಲ್ಲವೇ ಇಲ್ಲ ಅನ್ನೋ ಹಾಗೆ. ಸರ್ಕಾರಿ ಕೆಲಸಗಳಲ್ಲಿ ಉಳಿದ ಸಮುದಾಯದವರು ಯಾಕೆ ಕಾಣಿಸ್ತಿಲ್ಲ ಅಂತ ನೋಡೋಕೆ ಮೈಸೂರು ಸರ್ಕಾರ 1918ರಲ್ಲಿ ಮಿಲ್ಲರ್ ಸಮಿತಿಯನ್ನ ನೇಮಿಸಬೇಕಾಯ್ತು. ಸಂಘದ ಬಾಗಿಲು ತೆರೆದೇ ಇತ್ತು, ನಿಜ. ಆದರೆ ಬಾಗಿಲ ತನಕ ಬರೋಕೆ ದಾರಿ ಎಲ್ಲರಿಗೂ ಇರಲಿಲ್ಲ.

ಆ ದಾರಿ ಹುಡುಕಿಕೊಂಡು ಬಂದ ಒಬ್ಬ ಹುಡುಗ ಮಲೆನಾಡಿನವನು. ಹುಟ್ಟಿದ್ದು 1904ರ ಡಿಸೆಂಬರ್ 29, ತಾಯಿಯ ತವರೂರಾದ ಹಿರೇಕೊಡಿಗೆಯಲ್ಲಿ. ಅದು ಭಂಡಿಗಡಿ ಇರೋ ಕೊಪ್ಪ ತಾಲ್ಲೂಕಿನಲ್ಲೇ ಇದೆ. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಹೆಸರು ಪುಟ್ಟಪ್ಪ. ಹೌದು, ಕುವೆಂಪು.

ಮೈಸೂರಿನಲ್ಲಿ ಕನ್ನಡ ಎಂ.ಎ ತರಗತಿ ಶುರುವಾದದ್ದೇ 1927ರಲ್ಲಿ. ಅದರ ಮೊದಲ ಪ್ರಾಧ್ಯಾಪಕರು ತಳುಕಿನ ವೆಂಕಣ್ಣಯ್ಯ, ಎಲ್ಲರ ಬಾಯಲ್ಲಿ ಟಿ.ಎಸ್. ವೆಂಕಣ್ಣಯ್ಯ. ಕೃಷ್ಣಶಾಸ್ತ್ರಿಗಳ ಆಪ್ತ ಗೆಳೆಯರು, ಅದೇ ವಲಯದವರು. ಕನ್ನಡ ಓದಿದ್ರೆ ಮುಂದೆ ಕೆಲಸ ಎಲ್ಲಿದೆ ಅಂತ ಎಲ್ಲರೂ ಕೇಳ್ತಿದ್ದ ಕಾಲದಲ್ಲಿ ಪುಟ್ಟಪ್ಪನನ್ನ ಕನ್ನಡ ಎಂ.ಎ ಕಡೆಗೆ ತಿರುಗಿಸಿದ್ದು ಅವರೇ. 1929ರಲ್ಲಿ ಎಂ.ಎ ಮುಗೀತು, ಅದೇ ವರ್ಷ ಮಹಾರಾಜ ಕಾಲೇಜಿನಲ್ಲೇ ಅಧ್ಯಾಪಕರ ಕೆಲಸ ಸಿಕ್ಕಿತು. ಪಾಠ ಹೇಳಿದ ಗುರುಗಳ ಪಕ್ಕದ ಕುರ್ಚಿಯಲ್ಲೇ ಕೂರೋ ಹಾಗಾಯ್ತು. ಈಗಿನ ಭಾಷೆಯಲ್ಲಿ ಇದನ್ನ ‘ಮೆಂಟರಿಂಗ್’ ಅಂತಾರೆ, ಅದಕ್ಕೆ ಬೇರೆ ವರ್ಕ್‌ಶಾಪ್ ಇಡ್ತಾರೆ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷ ಆದಮೇಲೆ ಬಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನ ಕುವೆಂಪು ಅರ್ಪಿಸಿದ್ದು ಆ ಮೇಷ್ಟ್ರಿಗೇ.

1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇನ್ನೊಂದು ಪ್ರಯೋಗ ಮಾಡಿತು. ಕಾಲೇಜು ಮೇಷ್ಟ್ರುಗಳನ್ನ ಊರೂರಿಗೆ ಕಳಿಸೋದು, ಅಲ್ಲಿ ಕನ್ನಡದಲ್ಲಿ ಉಪನ್ಯಾಸ ಮಾಡಿಸೋದು. ‘ಪ್ರಚಾರೋಪನ್ಯಾಸ’ ಅಂತ ಹೆಸರು. ಆಮೇಲೆ ಅದೇ ಉಪನ್ಯಾಸಗಳು ಚಿಕ್ಕಚಿಕ್ಕ ಪುಸ್ತಕಗಳಾಗಿ ಬಂದವು. ಇದರಿಂದ ಹಳ್ಳಿಯವರಿಗೆ ಜ್ಞಾನ ಸಿಕ್ಕಿತು ಅಂತ ಎಲ್ಲರೂ ಬರೀತಾರೆ. ನನಗನ್ನಿಸೋದು, ಹೆಚ್ಚು ಕಲಿತವರು ಮೇಷ್ಟ್ರುಗಳೇ. ಯಾಕಂದ್ರೆ ಕ್ಲಾಸಿನಲ್ಲಿ ಅರ್ಥ ಆಗದಿದ್ರೂ ಹುಡುಗರು ನೋಟ್ಸ್ ಬರ್ಕೋತಾರೆ, ಅಟೆಂಡೆನ್ಸ್ ಬೇಕಲ್ಲ. ಊರಿನ ಜಗಲಿ ಮೇಲೆ ಕೂತ ಜನಕ್ಕೆ ಅರ್ಥ ಆಗದಿದ್ರೆ ಎದ್ದು ಮನೆಗೆ ಹೋಗ್ತಾರೆ. ಪಾಠ ಮಾಡೋದನ್ನ ಕಲಿಯೋಕೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ಅದೂ ಒಬ್ಬರ ಕೆಲಸ ಅಲ್ಲ, ಹಲವು ವಿಷಯದ ಮೇಷ್ಟ್ರುಗಳು ವರ್ಷಗಟ್ಟಲೆ ಕೂತು ಒಂದೊಂದು ಪದಕ್ಕೂ ತಲೆ ಕೆಡಿಸ್ಕೊಂಡ ಫಲ.

ಕುವೆಂಪು 1956ರಲ್ಲಿ ಕುಲಪತಿಯಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದ ಮೊದಲಿಗರು. 1960ರವರೆಗೆ ಇದ್ದರು, ಮಾನಸಗಂಗೋತ್ರಿ ಅವರು ಬಿಟ್ಟುಹೋದ ಕ್ಯಾಂಪಸ್. ಕಾಲೇಜು ಪಾಠ ಕನ್ನಡದಲ್ಲಿ ಆಗಬೇಕಾದರೆ ಮೊದಲು ಪುಸ್ತಕ ಬೇಕು, ಪುಸ್ತಕ ಬರೆಯೋಕೆ ಪಾಠ ಮಾಡುವವರೇ ಕೂರಬೇಕು ಅನ್ನೋದು ಅವರ ಹಟ. ಆ ಹಟ ಪೂರ್ತಿ ಗೆದ್ದಿತಾ ಅಂದ್ರೆ, ಇಲ್ಲ. ಇವತ್ತಿಗೂ ಬಿ.ಎಸ್ಸಿ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತೆ.

ಈಗ 1987ಕ್ಕೆ ಹಾರೋಣ. ಈ ಕಥೆ ತಿರುವು ತಗೊಳ್ಳೋದು ಆ ವರ್ಷ.

ಆ ಹೊತ್ತಿಗೆ ದೇಶದಲ್ಲಿ ಕಾಲೇಜುಗಳು ಸಾವಿರಾರು ಆಗಿದ್ದವು. ಒಂದು ಸಂಘ, ಒಂದು ಪತ್ರಿಕೆ, ಒಬ್ಬ ವೆಂಕಣ್ಣಯ್ಯನವರಿಂದ ನಡೆಯೋ ಕಾಲ ಮುಗಿದಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಕಾಲೇಜು ಶಿಕ್ಷಕರಿಗೂ ತರಬೇತಿ ಬೇಕು ಅಂತು. ಮರುವರ್ಷ ಯುಜಿಸಿ ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳ ಯೋಜನೆ ತಂತು. ನಮ್ಮಲ್ಲಿ ಮೈಸೂರು, ಬೆಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಇವು ತಲೆಯೆತ್ತಿದವು. ಹೊಸದಾಗಿ ಸೇರಿದವರಿಗೆ 4 ವಾರದ ಓರಿಯೆಂಟೇಷನ್ ಕೋರ್ಸ್, ಆಮೇಲೆ ತಮ್ಮ ವಿಷಯದಲ್ಲಿ 3 ವಾರದ ರಿಫ್ರೆಶರ್ ಕೋರ್ಸ್. ಅದೇ 1987ರಲ್ಲಿ ವೇತನ ಶ್ರೇಣಿಗಾಗಿ ದೇಶದ ಕಾಲೇಜು ಶಿಕ್ಷಕರು ದೊಡ್ಡ ಮುಷ್ಕರ ಹೂಡಿದ್ದರು. ಹೊಸ ಶ್ರೇಣಿ ಬಂತು, ಜೊತೆಗೆ ಒಂದು ಷರತ್ತೂ ಬಂತು. ಮೇಲಿನ ಶ್ರೇಣಿಗೆ ಹೋಗಬೇಕಂದ್ರೆ ಈ ಕೋರ್ಸುಗಳ ಸರ್ಟಿಫಿಕೇಟ್ ತೋರಿಸಬೇಕು.

ಕುವೆಂಪು ಹೆಸರಿನ ವಿಶ್ವವಿದ್ಯಾನಿಲಯ ಶಂಕರಘಟ್ಟದಲ್ಲಿ ಶುರುವಾದದ್ದೂ ಇದೇ 1987ರಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಕಾಲೇಜುಗಳು ಮೈಸೂರಿನ ಮಡಿಲಿಂದ ಇದರ ಮಡಿಲಿಗೆ ಬಂದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಡುಗರಿಗೆ ಯೂನಿವರ್ಸಿಟಿ ಹತ್ತಿರ ಆಯ್ತು.

ಮೇಷ್ಟ್ರುಗಳ ತರಬೇತಿಗೆ ಬಂದ್ರೆ, ಮಲೆನಾಡಿನವರು ಬ್ಯಾಗ್ ಕಟ್ಟಿಕೊಂಡು ಮೈಸೂರೋ ಬೆಂಗಳೂರೋ ಹೊರಡಬೇಕು, ವಾರಗಟ್ಟಲೆ ಹಾಸ್ಟೆಲಿನಲ್ಲಿ ಇರಬೇಕು. ಇದನ್ನ ಬೈಯುವವರು ಬಹಳ. ಬೆಳಗ್ಗೆಯಿಂದ ಸಂಜೆವರೆಗೆ ಭಾಷಣ, ಕೂತು ಕೂತು ಸೊಂಟ ನೋವು, ಕೊನೆಗೆ ಒಂದು ಗ್ರೂಪ್ ಫೋಟೋ. ಅಷ್ಟೇ ಅಲ್ಲ ಅನ್ನೋದೂ ನಿಜ. ಬೀದರಿನ ಕಾಮರ್ಸ್ ಮೇಷ್ಟ್ರು, ಶೃಂಗೇರಿಯ ಇತಿಹಾಸ ಮೇಡಂ ಒಂದೇ ಮೆಸ್ಸಿನಲ್ಲಿ ಊಟ ಮಾಡೋಕೆ ಬೇರೆ ಎಲ್ಲಿ ಅವಕಾಶ ಇತ್ತು? ತಮ್ಮ ಕಾಲೇಜಿನಲ್ಲಿ ತಮ್ಮ ವಿಷಯಕ್ಕೆ ತಾವೊಬ್ಬರೇ ಇರೋ ಮೇಷ್ಟ್ರಿಗೆ, ಅದೇ ಪಾಠ ಮಾಡುವ ಇನ್ನೊಬ್ಬರು ಎದುರು ಸಿಗೋದು ಸಣ್ಣ ವಿಷಯ ಅಲ್ಲ.

2010ರಲ್ಲಿ ಯುಜಿಸಿ ಅಂಕಗಳ ಲೆಕ್ಕ ತಂದಮೇಲೆ ಕಥೆ ಇನ್ನೂ ಕೆಟ್ಟಿತು. ಸೆಮಿನಾರಿಗೆ ಇಷ್ಟು, ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಪಾಯಿಂಟ್. ದುಡ್ಡು ಕೊಟ್ರೆ ಲೇಖನ ಅಚ್ಚು ಹಾಕೋ ಜರ್ನಲ್‌ಗಳು ಅಣಬೆ ಹಾಗೆ ಎದ್ದವು. ಯಾರೂ ಓದಲ್ಲ, ಯಾರೂ ತಿದ್ದಲ್ಲ. ಕೃಷ್ಣಶಾಸ್ತ್ರಿಗಳ ಪತ್ರಿಕೆಯ ಜೊತೆ ಇವನ್ನ ಇಟ್ಟು ನೋಡಿದ್ರೆ ನಗಬೇಕೋ ಅಳಬೇಕೋ ತಿಳಿಯಲ್ಲ. ಸ್ಟಾಫ್ ಕಾಲೇಜುಗಳ ಹೆಸರು 2015ರಲ್ಲಿ ‘ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ’ ಅಂತಾಯ್ತು, 2023ರಲ್ಲಿ ಮಾಳವೀಯ ಮಿಷನ್ ಕೆಳಗೆ ಬಂದವು. ಬೋರ್ಡು ಬರೆಯುವವರಿಗೆ ಕೈತುಂಬ ಕೆಲಸ.

ಈಗ ಭಂಡಿಗಡಿಗೆ ಬನ್ನಿ. ಇಲ್ಲಿಂದ ಬೆಳಗ್ಗೆ ಬಸ್ ಹಿಡಿದು ಡಿಗ್ರಿ ಓದೋಕೆ ಹೋಗೋ ಹುಡುಗಿಯನ್ನ ನೆನೆಸ್ಕೊಳ್ಳಿ. ಅವಳು ಸರ್ಕಾರಿ ಕಾಲೇಜಿಗೆ ಹೋದ್ರೆ ಅಲ್ಲಿ ಪಾಠ ಮಾಡುವವರು ಯಾರು? ಕಾಯಂ ಪ್ರೊಫೆಸರ್ ಇರಬಹುದು. ಆದರೆ ಅತಿಥಿ ಉಪನ್ಯಾಸಕರೇ ಇರೋ ಸಾಧ್ಯತೆ ಬಹಳ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನ ನಡೆಸ್ತಿರೋದೇ ಹತ್ತು ಸಾವಿರಕ್ಕೂ ಹೆಚ್ಚಿನ ಈ ‘ಅತಿಥಿ’ಗಳು. ಕೆಲವರು ಹದಿನೈದು, ಇಪ್ಪತ್ತು ವರ್ಷದಿಂದ ಅತಿಥಿಗಳು! ನಮ್ಮ ಕಡೆ ಅತಿಥಿ ಮೂರು ದಿನ ಇದ್ರೇ ಮನೆಯವರು ಮುಖ ನೋಡ್ತಾರೆ.

2022ರ ಜನವರಿಯವರೆಗೆ ನೆಟ್ ಅಥವಾ ಪಿಎಚ್.ಡಿ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಉಳಿದವರಿಗೆ 11,000 ಸಿಗ್ತಿತ್ತು. ಮುಷ್ಕರ ಮಾಡಿದ ಮೇಲೆ ಅದು 26,000ದಿಂದ 32,000ದವರೆಗೆ ಏರಿತು. ಜೊತೆಗೆ ವಾರದ ಪಾಠವೂ 15 ಗಂಟೆಗೆ ಏರಿತು. ಒಬ್ಬರೇ ಹೆಚ್ಚು ಗಂಟೆ ಪಾಠ ಮಾಡಿದ್ರೆ ಕಡಿಮೆ ಜನ ಸಾಕಲ್ವಾ? ಹಾಗೆ ಅನೇಕರ ಕೆಲಸ ಹೋಯ್ತು. 2023ರ ಕೊನೆಗೆ, ಕಾಯಂ ಮಾಡಿ ಅಂತ ಮತ್ತೆ ಬೀದಿಗಿಳಿದರು.

ತರಬೇತಿ ವಿಷಯಕ್ಕೆ ಬಂದ್ರೆ, ಯುಜಿಸಿ ನಿಯಮ ಬಾಗಿಲು ಮುಚ್ಚಿರಲಿಲ್ಲ. ಮೂರು ಶೈಕ್ಷಣಿಕ ವರ್ಷ ಪಾಠ ಮಾಡಿದ ತಾತ್ಕಾಲಿಕ, ಅರೆಕಾಲಿಕ ಶಿಕ್ಷಕರೂ ಈ ಕೋರ್ಸುಗಳಿಗೆ ಬರಬಹುದು ಅಂತ ಅದರಲ್ಲೇ ಇತ್ತು. ಆದರೆ ಕೋರ್ಸಿನ ಸರ್ಟಿಫಿಕೇಟ್ ಇರೋದು ಪ್ರಮೋಷನ್‌ಗೆ. ಅತಿಥಿಗೆ ಪ್ರಮೋಷನ್ ಎಲ್ಲಿದೆ? ಮುಂದಿನ ವರ್ಷ ಕೆಲಸ ಇರುತ್ತಾ ಅನ್ನೋದೇ ಗೊತ್ತಿಲ್ಲದವರು ವಾರಗಟ್ಟಲೆ ಕ್ಲಾಸ್ ಬಿಟ್ಟು ಮೈಸೂರಲ್ಲಿ ಹೋಗಿ ಕೂರ್ತಾರಾ? 1918ರಲ್ಲಿ ಇದ್ದ ಹಾಗೆಯೇ, ಬಾಗಿಲು ತೆರೆದಿದೆ, ದಾರಿ ಇಲ್ಲ.

ಕೋವಿಡ್ ಬಂದಮೇಲೆ ಈ ಕೋರ್ಸುಗಳು ಆನ್‌ಲೈನ್ ಆಗಿವೆ. ಈಗ ಊರು ಬಿಡಬೇಕಾಗಿಲ್ಲ, ಒಂದು ಫೋನ್ ಸಾಕು. ಮಲೆನಾಡಿನಲ್ಲಿ ಆ ಫೋನಿಗೆ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದ ಕಥೆ ನಿಮಗೇ ಗೊತ್ತು, ನಿಮ್ಮಲ್ಲಿ ಕೆಲವರು ಹತ್ತಿದವರೇ ಇರ್ತೀರಿ. ಆದ್ರೂ ಸ್ಕ್ರೀನಿನ ಮುಂದೆ ವಿಡಿಯೋ ಆಫ್ ಮಾಡಿ ಕೂತವರು ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರ ಹಾಗೆ ಗೆಳೆಯರಾಗ್ತಾರಾ?

ಸದ್ಯಕ್ಕೆ ಕಾಯಂ ಮೇಷ್ಟ್ರು, ಅತಿಥಿ ಮೇಷ್ಟ್ರು ಎದುರುಬದುರು ಕೂತು ಮಾತಾಡೋದು ಎರಡೇ ಕಡೆ. ಒಂದು, ಸ್ಟಾಫ್ ರೂಮ್. ಇನ್ನೊಂದು, ಸೆಮಿಸ್ಟರ್ ಮುಗಿದಮೇಲೆ ಪೇಪರ್ ವ್ಯಾಲ್ಯುಯೇಷನ್. ಅಲ್ಲಿ ಬೇರೆ ಬೇರೆ ತಾಲ್ಲೂಕಿನವರು ಒಂದೇ ಟೇಬಲ್ಲಿಗೆ ಬರ್ತಾರೆ. ಬಂಡಲ್ ಬಿಚ್ಚಿ, ಟೀ ಕುಡೀತಾ, ‘ಈ ಪ್ರಶ್ನೆಗೆ ಎಲ್ಲಾ ಹುಡುಗರೂ ಒಂದೇ ತಪ್ಪು ಬರೆದಿದ್ದಾರಲ್ಲ, ನೀವು ಇದನ್ನ ಹೇಗೆ ಪಾಠ ಮಾಡ್ತೀರಿ?’ ಅಂತ ಒಬ್ಬರು ಕೇಳ್ತಾರೆ. ಇನ್ನೊಬ್ಬರು ಪೆನ್ನು ಕೆಳಗಿಟ್ಟು ಹೇಳೋಕೆ ಶುರು ಮಾಡ್ತಾರೆ.