ಉಪ್ಪಾಗೆ: ಘಟ್ಟದ ಹುಳಿ ಗುಳಿಗೆಯಾದ ಕಥೆ

ತೂಕ ಇಳಿಸೋಕೆ ಅಂತ ಮಾರುವ ಡಬ್ಬಿಗಳ ಮೇಲೆ 'ಗಾರ್ಸಿನಿಯಾ ಕಾಂಬೋಜಿಯಾ' ಎಂಬ ಹೆಸರನ್ನು ನೀವೂ ನೋಡಿರಬಹುದು. ಇಲ್ಲಿ ಶ್ವೀಬರ್ಡಿಂಗೆನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವವರೂ ಅದರ ಬಗ್ಗೆ ಕೇಳ್ತಾರೆ. ಅದು ಬೇರೇನಲ್ಲ, ನಮ್ಮ ಶಿರಸಿ-ಸಿದ್ದಾಪುರ ಕಾಡಿನ ಉಪ್ಪಾಗೆ.

ಪುಟ್ಟ ಕುಂಬಳಕಾಯಿಯಂತೆ ಗೀರು ಇರುವ ಹಳದಿ ಹಣ್ಣು ಇದು. ನಮ್ಮ ಕಡೆ ಬೀಜದಿಂದ ಉಪ್ಪಾಗೆ ತುಪ್ಪ ತೆಗೀತಾರೆ. ಕೊಡಗಿನಲ್ಲಿ ರಸ ಕಾಸಿ ಕಾಚಂಪುಳಿ ಮಾಡ್ತಾರೆ, ಅದಿಲ್ಲದೆ ಪಂದಿ ಕರಿ ಇಲ್ಲ. ಕೇರಳದವರಿಗೆ ಇದು ಮೀನು ಸಾರಿನ ಕೊಡಂಪುಳಿ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಮೊದಲ ಸಂಪುಟದಲ್ಲೇ ಇದರ ಚಿತ್ರವಿದೆ. ಕಾಂಬೋಡಿಯಾ ಕಡೆಯ ಹಳದಿ ಅಂಟಿನ ಮರವೂ ಇದೂ ಒಂದೇ ಅಂತ ಆಗಿನ ಪಂಡಿತರು ತಿಳಿದಿದ್ದರಿಂದ 'ಕಾಂಬೋಜಿಯಾ' ಹೆಸರು ಅಂಟಿಕೊಂಡಿತು.

ಹುಳಿಯ ಗುಟ್ಟು ಬಿಡಿಸಿದ್ದು ಮೈಸೂರಿನಲ್ಲಿ. 1965ರಲ್ಲಿ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್, ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ತೋರಿಸಿದರು. 1969ರಲ್ಲಿ ಅಮೆರಿಕದ ವಿಜ್ಞಾನಿಗಳು, ದೇಹ ಸಕ್ಕರೆಯಿಂದ ಕೊಬ್ಬು ಮಾಡಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತೆ ಅಂತ ಕಂಡರು. ನನ್ನ ಕೆಲಸದ ಭಾಷೆಯಲ್ಲಿ, ಒಂದು ಲೈನಿನ ಸ್ವಿಚ್ ಆಫ್ ಮಾಡಿದ ಹಾಗೆ. ಆದರೆ ಟೇಬಲ್ ಮೇಲೆ ಸರಿಯಾಗಿದ್ದ ಸರ್ಕ್ಯೂಟ್ ಮನೆಗೆ ಹಾಕಿದಾಗಲೂ ನಡೆಯಲೇಬೇಕು ಅಂತೇನಿಲ್ಲ.

ಅದನ್ನು ನೋಡುವ ಮೊದಲೇ ವ್ಯಾಪಾರ ಶುರುವಾಯ್ತು. 1990ರ ದಶಕದಲ್ಲಿ ಒಣಗಿದ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು. ಕೂಲಿಯವರಿಗೆ ಮಳೆಗಾಲದಲ್ಲೂ ನಾಲ್ಕು ಕಾಸು ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಬೇರೆಯವರಿಗಿಂತ ಮೊದಲು ಕೊಯ್ಯಬೇಕು ಅಂತ ಕಾಯನ್ನೇ ಕಿತ್ತರು, ಕೊಂಬೆ ಕಡಿದರು. ಬಿಸಿಲಿಲ್ಲದ ಕಾಲ, ಸಿಪ್ಪೆಯನ್ನು ಬೆಂಕಿಯಲ್ಲೇ ಒಣಗಿಸಬೇಕು. ಆ ಸೌದೆಯೂ ಕಾಡಿನದೇ. ಕಡಿಮೆ ಸೌದೆ ಸಾಕಾಗುವ ಒಲೆಗಳು ಬಂದದ್ದು ಆಮೇಲೆ.

ಅಷ್ಟೆಲ್ಲ ಆಗಿ ಗುಳಿಗೆ ಏನು ಮಾಡಿತು? 1998ರಲ್ಲಿ ಅಮೆರಿಕದ ವೈದ್ಯ ಪತ್ರಿಕೆ 'ಜಾಮಾ'ದಲ್ಲಿ 135 ಜನರ ಮೇಲಿನ 12 ವಾರದ ಪರೀಕ್ಷೆಯ ವರದಿ ಬಂತು. ಗುಳಿಗೆ ತಿಂದವರು ಸರಾಸರಿ 3.2 ಕಿಲೋ ಇಳಿದರು, ಔಷಧಿಯಿಲ್ಲದ ಬರೀ ಗುಳಿಗೆ ತಿಂದವರು 4.1 ಕಿಲೋ! 2009ರಲ್ಲಿ ಯಕೃತ್ತಿಗೆ ಪೆಟ್ಟಾದ ದೂರುಗಳಿಂದ 'ಹೈಡ್ರಾಕ್ಸಿಕಟ್' ಗುಳಿಗೆಗಳನ್ನು ಅಮೆರಿಕದಲ್ಲಿ ವಾಪಸ್ ತೆಗೆದುಕೊಂಡರು. ಹಲವು ವಸ್ತು ಬೆರೆಸಿದ್ದ ಅವುಗಳ ಕೆಲವು ಬಗೆಗಳಲ್ಲಿ ಉಪ್ಪಾಗೆ ಸತ್ವವೂ ಇತ್ತು. 2025ರಲ್ಲಿ ನಮ್ಮ ಪಕ್ಕದ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 'ಅನ್ಸೆಸ್' ಇಂಥ ಗುಳಿಗೆ ತಿನ್ನಲೇಬೇಡಿ ಅಂತ ಹೇಳಿತು.

ಶಿಫ್ಟ್ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ನಮ್ಮಲ್ಲಿ ಹೊಟ್ಟೆ ಬರದವರು ಕಡಿಮೆ. 'ನಮ್ಮೂರ ಹಣ್ಣು ತಾನೇ, ಏನೂ ಆಗಲ್ಲ' ಅಂತ ಡಬ್ಬಿ ತೆಗೆಯುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ಸಾರಿಗೆ ಎರಡು ಎಸಳು ಹಾಕೋದು ಬೇರೆ, ಸತ್ವ ಹಿಂಡಿ ದಿನಾ ನುಂಗೋದು ಬೇರೆ. ನಮ್ಮ ಹಿರಿಯರು ಇದನ್ನು ಅಡುಗೆಮನೆಯಲ್ಲಿ ಇಟ್ಟಿದ್ದರು. ಅದರ ಜಾಗ ಅದೇ.