ಡೊಮೇನ್ ನೋಂದಣಿಯಲ್ಲಿ ವಂಚನೆ ತಪಾಸಣೆ

ಡೊಮೇನ್ ನೋಂದಣಿಯಲ್ಲಿ ವಂಚನೆ ತಪಾಸಣೆ ಎಂದರೆ ಅಂತರಜಾಲದಲ್ಲಿ ಡೊಮೇನ್ ಹೆಸರನ್ನು ಕೊಳ್ಳುವವರ ಗುರುತು, ಪಾವತಿ ಮತ್ತು ಸಂಪರ್ಕ ವಿವರಗಳು ನೈಜವೇ ಎಂಬುದನ್ನು ರಿಜಿಸ್ಟ್ರಾರ್ ಸಂಸ್ಥೆಗಳು ಪರಿಶೀಲಿಸುವ ಕ್ರಮ. ಈ ಹಂತದಲ್ಲಿ ಪ್ರಾಮಾಣಿಕ ಗ್ರಾಹಕರ ಕೋರಿಕೆಯೂ ಕೆಲವೊಮ್ಮೆ ತಡೆಹಿಡಿಯಲ್ಪಡುತ್ತದೆ.

ಹಿನ್ನೆಲೆ

ಡೊಮೇನ್ ಹೆಸರು ಪಾವತಿಯಾದ ಕೆಲವೇ ನಿಮಿಷಗಳಲ್ಲಿ ಬಳಕೆಗೆ ಸಿಗುವ ಸರಕು. ಆದ್ದರಿಂದ ಕದ್ದ ಕಾರ್ಡ್‌ಗಳಿಂದ ಹೆಸರುಗಳನ್ನು ಕೊಂಡು ನಕಲಿ ಬ್ಯಾಂಕ್ ಜಾಲತಾಣಗಳನ್ನು ತೆರೆಯುವುದು ವಂಚಕರಿಗೆ ಸುಲಭ. ಕಾರ್ಡಿನ ನಿಜವಾದ ಒಡೆಯರು ದೂರಿದಾಗ ಬ್ಯಾಂಕು ಹಣವನ್ನು ಹಿಂಪಡೆಯುತ್ತದೆ. ರಿಜಿಸ್ಟ್ರಾರ್ ಅಷ್ಟರಲ್ಲಿ ರಿಜಿಸ್ಟ್ರಿಗೆ ಶುಲ್ಕ ಕಟ್ಟಿರುತ್ತದೆ. .ಕಾಮ್‌ನಂತಹ ಹೆಸರುಗಳನ್ನು ನೋಂದಣಿಯಾದ 5 ದಿನಗಳೊಳಗೆ ಅಳಿಸಿದರೆ ಆ ಶುಲ್ಕ ಮರಳುತ್ತದೆ. ಈ ರಿಯಾಯಿತಿಯನ್ನೇ ದುರುಪಯೋಗಪಡಿಸಿಕೊಂಡು ಲಕ್ಷಗಟ್ಟಲೆ ಹೆಸರುಗಳನ್ನು 'ರುಚಿ ನೋಡಿ' ಬಿಡುವ ವ್ಯವಹಾರ ಬೆಳೆದುದರಿಂದ, 2009ರಲ್ಲಿ ಐಕ್ಯಾನ್ ಸಂಸ್ಥೆಯು ಮರುಪಾವತಿಗೆ ಮಿತಿ ವಿಧಿಸಿತು.

ತಪಾಸಣೆಯ ಬಗೆ

ಕೋರಿಕೆ ಸಲ್ಲಿಸಿದ ಐಪಿ ವಿಳಾಸದ ದೇಶ, ಕಾರ್ಡಿನ ದೇಶ, ಇಮೇಲ್‌ನ ಸ್ವರೂಪ, ಒಮ್ಮೆಗೆ ಕೇಳಿದ ಹೆಸರುಗಳ ಸಂಖ್ಯೆ ಮೊದಲಾದವನ್ನು ತಂತ್ರಾಂಶ ತೂಗಿ ನೋಡುತ್ತದೆ. ಸಂಶಯ ಬಂದರೆ ಸಿಬ್ಬಂದಿ ದೂರವಾಣಿ ಕರೆ ಮಾಡಬಹುದು ಅಥವಾ ಗುರುತಿನ ಚೀಟಿ ಕೇಳಬಹುದು. ಬಿಲ್ಲಿಂಗ್ ವಿಳಾಸವನ್ನು ಬ್ಯಾಂಕಿನ ದಾಖಲೆಯೊಡನೆ ಹೋಲಿಸುವ ವ್ಯವಸ್ಥೆ ಮುಖ್ಯವಾಗಿ ಅಮೆರಿಕ, ಕೆನಡಾ ಹಾಗೂ ಬ್ರಿಟನ್ನಿನ ಬ್ಯಾಂಕುಗಳದು. ಅದು ಮನೆ ಸಂಖ್ಯೆ ಮತ್ತು ಅಂಚೆ ಸಂಕೇತದ ಅಂಕಿಗಳನ್ನೇ ನೆಚ್ಚಿಕೊಂಡಿದೆ. ಮನೆ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಹಂತ ಎಂದು ನಾಲ್ಕು ಅಂಕಿಗಳಿರುವ ಬೆಂಗಳೂರಿನ ವಿಳಾಸವನ್ನು ಗಮನದಲ್ಲಿಟ್ಟು ರೂಪಿಸಿದ್ದಲ್ಲ. ಕಾರ್ಡಿನ ಮೇಲೆ ತಂದೆಯ ಅಥವಾ ಊರಿನ ಹೆಸರಿನ ಮೊದಲಕ್ಷರವಷ್ಟೇ ಇದ್ದು, ಅರ್ಜಿಯು 'ಕುಲನಾಮ' ಕೇಳಿದಾಗಲೂ ಹೊಂದಾಣಿಕೆ ತಪ್ಪುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ಕಡ್ಡಾಯಗೊಳಿಸಿದಾಗ ಅದು ದೇಶದೊಳಗಿನ ವ್ಯವಹಾರಗಳಿಗಷ್ಟೇ ಅನ್ವಯಿಸಿತ್ತು.

ಐಕ್ಯಾನ್ ದೃಢೀಕರಣ

ಇದನ್ನು ವಂಚನೆ ತಪಾಸಣೆಯೊಡನೆ ಬೆರೆಸಿಕೊಳ್ಳುವುದು ಸಾಮಾನ್ಯ, ಆದರೆ ಎರಡೂ ಬೇರೆ. 2013ರ ರಿಜಿಸ್ಟ್ರಾರ್ ಒಪ್ಪಂದದ ಪ್ರಕಾರ ನೋಂದಾಯಿತರ ಇಮೇಲ್ ಅಥವಾ ದೂರವಾಣಿ 15 ದಿನಗಳೊಳಗೆ ದೃಢಪಡಬೇಕು. ಉತ್ತರ ಬಾರದಿದ್ದರೆ ರಿಜಿಸ್ಟ್ರಾರ್ ತಾನೇ ಬೇರೆ ರೀತಿಯಲ್ಲಿ ಪರಿಶೀಲಿಸಬೇಕು, ಇಲ್ಲವೇ ಹೆಸರನ್ನು ಅಮಾನತಿನಲ್ಲಿಡಬೇಕು. ಅಮಾನತಾದರೆ ಜಾಲತಾಣದ ಜೊತೆಗೆ ಆ ಹೆಸರಿನ ಇಮೇಲ್ ಕೂಡ ನಿಲ್ಲುತ್ತದೆ. ಹಾಗಾಗಿ ನೋಂದಾಯಿಸುತ್ತಿರುವ ಹೆಸರಿನದೇ ಇಮೇಲನ್ನು ಸಂಪರ್ಕಕ್ಕೆ ಕೊಟ್ಟವರು ದೃಢೀಕರಣದ ಸಂದೇಶವನ್ನೂ ಪಡೆಯಲಾರರು.

ತಡೆಹಿಡಿದ ಕೋರಿಕೆ

ಹಣ ಕಡಿತವಾದ ಮಾತ್ರಕ್ಕೆ ಹೆಸರು ದೊರೆತಂತಲ್ಲ. ರಿಜಿಸ್ಟ್ರಿಯ ದಾಖಲೆಗೆ ಸೇರುವವರೆಗೆ ಅದನ್ನು ಬೇರೆ ಯಾರು ಬೇಕಾದರೂ ನೋಂದಾಯಿಸಬಹುದು. ಕೆಲವು ಸಂಸ್ಥೆಗಳು ಮೊದಲು ನೋಂದಾಯಿಸಿ ಬಳಿಕ ಪರಿಶೀಲಿಸುತ್ತವೆ, ಕೆಲವು ಪರಿಶೀಲನೆ ಮುಗಿಯುವವರೆಗೆ ನೋಂದಾಯಿಸುವುದೇ ಇಲ್ಲ. ಯಾವುದು ನಡೆದಿದೆಯೆಂಬುದು ಆರ್‌ಡಿಎಪಿ ಹುಡುಕಾಟದಿಂದ ತಿಳಿಯುತ್ತದೆ. ಸಾರ್ವತ್ರಿಕ ಡೊಮೇನ್‌ಗಳಲ್ಲಿ ಇದು 2025ರ ಜನವರಿಯಿಂದ ಹೂಇಸ್ ಸೇವೆಯ ಸ್ಥಾನಕ್ಕೆ ಬಂದಿದೆ. ದಾಖಲೆ ಇಲ್ಲದಿದ್ದರೆ ಕೋರಿಕೆಯ ಸಂಖ್ಯೆಯೊಡನೆ ಗ್ರಾಹಕ ಸೇವೆಯನ್ನು ಸಂಪರ್ಕಿಸುವುದು ಸೂಕ್ತ. ಬೇರೆ ಕಾರ್ಡಿನಿಂದಲೋ ವಿಪಿಎನ್ ಮೂಲಕವೋ ಮತ್ತೆ ಮತ್ತೆ ಯತ್ನಿಸಿದರೆ ಸಂಶಯ ಹೆಚ್ಚುತ್ತದೆ.

ದೃಢೀಕರಣ ಕೇಳುವ ಸಂದೇಶಗಳನ್ನು ವಂಚಕರೂ ನಕಲು ಮಾಡುತ್ತಾರೆ. ಸಂದೇಶದಲ್ಲಿನ ಕೊಂಡಿಯನ್ನು ಒತ್ತುವ ಬದಲು ರಿಜಿಸ್ಟ್ರಾರ್ ಖಾತೆಗೆ ನೇರವಾಗಿ ಪ್ರವೇಶಿಸಿ ನೋಡುವುದು ಸುರಕ್ಷಿತ. ಗುರುತಿನ ದಾಖಲೆಯಾಗಿ ಆಧಾರ್ ಕೊಡಬೇಕಾದರೆ, ಕೊನೆಯ 4 ಅಂಕಿಗಳನ್ನಷ್ಟೇ ತೋರಿಸುವ ಮರೆಮಾಚಿದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದು. ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನಾಗಲೀ ಒಟಿಪಿಯನ್ನಾಗಲೀ ಕರೆಯಲ್ಲಿ ಕೇಳಿದರೆ ಅದು ತಪಾಸಣೆಯಲ್ಲ.

ಕೋರಿಕೆಯನ್ನು ರಿಜಿಸ್ಟ್ರಾರ್ ತಿರಸ್ಕರಿಸಿದರೆ ಇನ್ನೊಂದು ಸಂಸ್ಥೆಯ ಮೂಲಕ ಅದೇ ಹೆಸರಿಗೆ ಯತ್ನಿಸಲು ಅಡ್ಡಿಯಿಲ್ಲ. .ಇನ್ ಮತ್ತು ಕನ್ನಡ ಲಿಪಿಯ .ಭಾರತ ಹೆಸರುಗಳ ರಿಜಿಸ್ಟ್ರಿಯನ್ನು ನಿಕ್ಸಿ ನಿರ್ವಹಿಸುತ್ತದೆ. ಇವನ್ನು ಮಾರುವ ಭಾರತೀಯ ರಿಜಿಸ್ಟ್ರಾರ್‌ಗಳಲ್ಲಿ ದೇಶೀಯ ಪಾವತಿ ವಿಧಾನಗಳು ದೊರೆಯುತ್ತವೆ.