ಗಲ್ಫ್‌ನಲ್ಲಿ ಮುಂದೆ ಯಾವ ಕೆಲಸಕ್ಕೆ ಬೇಡಿಕೆ, ಯಾವುದಕ್ಕೆ ಕುತ್ತು?

ಮೊಬೈಲ್ ಅಂಗಡಿಗಳ ಕೆಲಸವೆಲ್ಲ ಸ್ಥಳೀಯರಿಗೇ ಎಂಬ ನಿಯಮ ಸೌದಿ ಅರೇಬಿಯಾದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂತು. ಆಗ ಮೊಬೈಲ್ ವ್ಯಾಪಾರಕ್ಕೆ ಬೇಡಿಕೆ ಇರಲಿಲ್ಲವೇ? ಧಾರಾಳವಾಗಿ ಇತ್ತು. ಆದರೂ ಕೌಂಟರ್ ಹಿಂದೆ ನಿಂತಿದ್ದ ವಿದೇಶಿಯರು ಬೇರೆ ದಾರಿ ನೋಡಬೇಕಾಯಿತು. ಹಾಗಾಗಿ ಗಲ್ಫ್ ಮಟ್ಟಿಗೆ ಒಂದು ಉದ್ಯೋಗ ಬೆಳೆಯುತ್ತದೆ ಎಂದರೆ ಸಾಲದು, ಅದು ಹೊರಗಿನವರ ಕೈಗೆ ಉಳಿಯುತ್ತದೆಯೇ ಎಂದೂ ನೋಡಬೇಕು.

ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯ ಅಂದಾಜಿನಂತೆ 2030ರೊಳಗೆ ಜಗತ್ತಿನಲ್ಲಿ 17 ಕೋಟಿ ಹೊಸ ಉದ್ಯೋಗಗಳು ಹುಟ್ಟಿ, 9.2 ಕೋಟಿ ಕಣ್ಮರೆಯಾಗಲಿವೆ. ಹೆಚ್ಚುವ ಪಟ್ಟಿಯಲ್ಲಿ ಸಾಫ್ಟ್‌ವೇರ್‌ನವರ ಜತೆಗೇ ಡೆಲಿವರಿ ಚಾಲಕರು, ಕಟ್ಟಡ ಕಾರ್ಮಿಕರು, ನರ್ಸ್‌ಗಳೂ ಇದ್ದಾರೆ. ಇಳಿಯುವ ಪಟ್ಟಿಯಲ್ಲಿ ಕ್ಯಾಷಿಯರ್, ಡೇಟಾ ಎಂಟ್ರಿ, ಆಫೀಸ್ ಸಹಾಯಕ ಹುದ್ದೆಗಳು. ಪದವಿ ಮುಗಿಸಿ 'ಎಸಿ ಆಫೀಸಿನ ಕೆಲಸ' ಹುಡುಕಿ ಬರುವ ನಮ್ಮ ಹುಡುಗರು ಈ ಎರಡನೇ ಪಟ್ಟಿಯನ್ನು ಎರಡು ಸಲ ಓದುವುದು ಒಳ್ಳೆಯದು.

ಯಾಕೆಂದರೆ ಇಲ್ಲಿ ಅದೇ ಹುದ್ದೆಗಳ ಮೇಲೆ ಸ್ಥಳೀಕರಣದ ಕಣ್ಣೂ ಇದೆ. ಯುಎಇಯಲ್ಲಿ 50 ಅಥವಾ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಕೌಶಲದ ಹುದ್ದೆಗಳಲ್ಲಿ ಎಮಿರಾತಿಗಳ ಪ್ರಮಾಣವನ್ನು ವರ್ಷಕ್ಕೆ 2 ಶೇಕಡದಂತೆ ಏರಿಸಬೇಕು. 2026ರ ಕೊನೆಗೆ ಗುರಿ 10 ಶೇಕಡ. ಸೌದಿಯಲ್ಲಿ ಐದು ಅಥವಾ ಹೆಚ್ಚು ಅಕೌಂಟೆಂಟ್‌ಗಳಿರುವ ಸಂಸ್ಥೆಗಳಿಗೆ 2021ರಲ್ಲೇ 30 ಶೇಕಡ ಸ್ಥಳೀಯರ ನಿಯಮ ಬಂತು. ಬಿ.ಕಾಂ. ಮುಗಿಸಿದವರಿಗೆ ಬಾಗಿಲು ಮುಚ್ಚಿದೆ ಅಂತಲ್ಲ, ಕಿರಿದಾಗಿದೆ.

ಇನ್ನು ಕೈಕೆಲಸದ ಮಾತು. ರಿಯಾದ್‌ನಲ್ಲಿ ಎಕ್ಸ್‌ಪೋ 2030, ಸೌದಿಯಲ್ಲಿ 2034ರ ಫುಟ್‌ಬಾಲ್ ವಿಶ್ವಕಪ್, ದುಬೈಯಲ್ಲಿ 30 ಕಿಲೋಮೀಟರ್‌ನ ಮೆಟ್ರೋ ಬ್ಲೂ ಲೈನ್ ಮತ್ತು ಅಲ್ ಮಕ್ತೂಮ್ ವಿಮಾನ ನಿಲ್ದಾಣದ ವಿಸ್ತರಣೆ: ಎಲ್ಲದಕ್ಕೂ ಜನ ಬೇಕು. ಕತಾರ್ ತನ್ನ ದ್ರವೀಕೃತ ಅನಿಲದ ಉತ್ಪಾದನಾ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್‌ನಿಂದ 14.2 ಕೋಟಿ ಟನ್‌ಗೆ ಏರಿಸುವ ಯೋಜನೆ ಹಾಕಿಕೊಂಡಿದೆ. ಅಲ್ಲಿ ವೆಲ್ಡರ್, ಪೈಪ್ ಫಿಟ್ಟರ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗಳಿಗೆ ಬೆಲೆ. ಆದರೆ ಕಟ್ಟುವ ಕೆಲಸ ಒಂದು ದಿನ ಮುಗಿಯುತ್ತದೆ. ನಿಯೋಮ್‌ನಂಥ ಯೋಜನೆಗಳ ವೇಗ ನಡುವೆಯೇ ತಗ್ಗಿದ್ದನ್ನೂ ಕಂಡಿದ್ದೇವೆ. ಮುಗಿಯದ್ದು ನಿರ್ವಹಣೆ. ಎಸಿ, ಲಿಫ್ಟ್, ಮೆಟ್ರೋ ಸಿಗ್ನಲ್, ಸೌರ ಫಲಕ ಇವನ್ನೆಲ್ಲ ರಿಪೇರಿ ಮಾಡಬಲ್ಲ ಐಟಿಐ ಹುಡುಗನ ಕೆಲಸವನ್ನು ಕಂಪ್ಯೂಟರ್ ಸದ್ಯಕ್ಕೆ ಕಸಿಯಲಾರದು. ಜುಲೈ ತಿಂಗಳಲ್ಲಿ ಎಸಿ ಕೆಟ್ಟ ಮನೆಯವರನ್ನು ಕೇಳಿ ನೋಡಿ! ಒಂದು ಎಚ್ಚರ: ಸೌದಿಗೆ ಹೋಗುವ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮೊದಲಾದವರಿಗೆ ಊರಲ್ಲೇ ಕೌಶಲ ಪರೀಕ್ಷೆ ಇದೆ. ಬಾಯಿಮಾತಿನ ಅನುಭವಕ್ಕಿಂತ ಸರ್ಟಿಫಿಕೇಟ್ ಮುಖ್ಯ.

ಆರೋಗ್ಯ ಕ್ಷೇತ್ರದ್ದು ಬೇರೆಯೇ ಲೆಕ್ಕ. ಮಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಕಲಿತವರಿಗೆ ದಾರಿ ಇದೆ. ಲೈಸೆನ್ಸ್ ಪರೀಕ್ಷೆ, ಡೇಟಾಫ್ಲೋ ಮೂಲಕ ದಾಖಲೆಗಳ ಪರಿಶೀಲನೆ ಎರಡಕ್ಕೂ ತಿಂಗಳುಗಳು ಬೇಕು. ಇಸಿಎನ್ಆರ್ ಪಾಸ್‌ಪೋರ್ಟ್ ಇದ್ದರೂ ಗಲ್ಫ್‌ಗೆ ಹೋಗುವ ನರ್ಸ್‌ಗಳು ಭಾರತ ಸರ್ಕಾರದ ಎಮಿಗ್ರೇಷನ್ ಅನುಮತಿ ಪಡೆಯಬೇಕೆಂಬುದು 2015ರಿಂದ ಇರುವ ನಿಯಮ.

ಬೇಡಿಕೆ ಇದ್ದ ಕಡೆ ದಲ್ಲಾಳಿಗಳೂ ಇರುತ್ತಾರೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಜತೆಗೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಸಂಶಯಪಡಿ. ಏಜೆಂಟ್ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ, ವೀಸಾದಲ್ಲಿ ಬರೆದ ವೃತ್ತಿ ಮತ್ತು ಹೇಳಿದ ಕೆಲಸ ಒಂದೇಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡುವುದು ಇಲ್ಲಿ ಕಾನೂನುಬಾಹಿರ.